ಕ್ರ್ಯಾಂಕ್ ಪುಲ್ಲಿ ಬೋಲ್ಟ್: 90 ಡಿಗ್ರಿ ಎಲ್ಲಿಂದ ಎಣಿಸಬೇಕು?

ಎಂಜಿನ್ನಿನ ಮುಖ್ಯ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟ್‌ನ ತುದಿಗೆ ಬೆಲ್ಟ್ ಓಡುವ ಪುಲ್ಲಿಯನ್ನು ಹಿಡಿದಿಡುವ ಬೋಲ್ಟ್ ಇದು. ಬಿಚ್ಚುವ ಮೊದಲು ಒಂದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ: ಕ್ರ್ಯಾಂಕ್‌ಶಾಫ್ಟ್‌ನಲ್ಲಿ ಕೀ (ಅದರ ಮೇಲಿನ ಚಕ್ರಗಳು ಜಾರದಂತೆ ತಡೆಯುವ ಸಣ್ಣ ಲೋಹದ ತುಂಡು) ಇದೆಯೇ? ಕೆಲವು ಎಂಜಿನ್‌ಗಳಲ್ಲಿ ಇರುವುದಿಲ್ಲ. ಅಲ್ಲಿ ಬೋಲ್ಟ್ ಸಡಿಲಿಸಿದ ಕೂಡಲೇ ಟೈಮಿಂಗ್ (ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯ ಹೊಂದಾಣಿಕೆ) ತಪ್ಪಬಹುದು.

ಉಳಿದದ್ದು ಸುಲಭ. ಪುಲ್ಲಿಯನ್ನು ಹೋಲ್ಡರ್‌ನಿಂದ ಹಿಡಿದು, ಉದ್ದನೆಯ ಬಾರ್ ಹಾಕಿ ಎಡಕ್ಕೆ ತಿರುಗಿಸುವುದು. ಬಾರನ್ನು ನೆಲಕ್ಕೆ ಆನಿಸಿ ಸ್ಟಾರ್ಟರ್ ತಿರುಗಿಸುವ ಉಪಾಯ ಬೇಡವೇ ಬೇಡ. ಬಾರ್ ಜಾರಿದರೆ ಕೈ ಮುರಿಯುತ್ತದೆ. ಎಡಕ್ಕೆ ತಿರುಗುವ ಎಂಜಿನ್ ಆಗಿದ್ದರೆ ಬೋಲ್ಟ್ ಸಡಿಲವಾಗುವ ಬದಲು ಇನ್ನಷ್ಟು ಬಿಗಿಯಾಗುತ್ತದೆ.

ನಾನು ಎಡವಿದ್ದು ಬಿಗಿಮಾಡುವಾಗ. ಹಲವು ಕೈಪಿಡಿಗಳು ಮೊದಲು ಸಣ್ಣ ಟಾರ್ಕ್ (ತಿರುಗಿಸುವ ಬಲದ ಅಳತೆ) ಹೇಳಿ, ‘ನಂತರ 90 ಡಿಗ್ರಿ’ ಎನ್ನುತ್ತವೆ. ಒಂದೇ ದೊಡ್ಡ ಅಂಕಿ ಕೊಡಬಾರದಿತ್ತೇ ಎಂದುಕೊಂಡಿದ್ದೆ. ಆದರೆ ನಾವು ಹಾಕುವ ಬಲದಲ್ಲಿ ಸುಮಾರು ಶೇ 90ರಷ್ಟನ್ನು ಬೋಲ್ಟ್ ತಲೆಯ ಅಡಿಯ ಮತ್ತು ಥ್ರೆಡ್‌ನ ಘರ್ಷಣೆಯೇ ನುಂಗುತ್ತದೆ. ಬೋಲ್ಟನ್ನು ಎಳೆದು ಪುಲ್ಲಿಯನ್ನು ಅದುಮಿ ಹಿಡಿಯಲು ಉಳಿಯುವುದು ಸುಮಾರು ಶೇ 10 ಮಾತ್ರ. ಥ್ರೆಡ್‌ಗೆ ಎಣ್ಣೆ ತಾಗಿದರೂ ಸಾಕು, ಈ ಲೆಕ್ಕ ಬದಲಾಗುತ್ತದೆ. ಕೋನ ಹಾಗಲ್ಲ: ಕಾಲು ಸುತ್ತು ತಿರುಗಿದರೆ ಬೋಲ್ಟ್ ಥ್ರೆಡ್‌ನ ಕಾಲು ಹೆಜ್ಜೆ (ಎರಡು ಥ್ರೆಡ್‌ಗಳ ನಡುವಿನ ಅಂತರದ ಕಾಲು ಭಾಗ) ಮುಂದೆ ಹೋಗಲೇಬೇಕು.

ಇಷ್ಟು ತಿಳಿದೂ ತಪ್ಪಿದೆ. ಬೋಲ್ಟ್ ತಲೆಗೆ ಬಿಳಿ ಗೆರೆ ಹಾಕಿ, ಎದುರಿಗೆ ಎಂಜಿನ್ ಬ್ಲಾಕ್ ಮೇಲೆ ಇನ್ನೊಂದು ಗೆರೆ ಎಳೆದೆ. ಬಾರ್ 90 ಡಿಗ್ರಿ ಬಂತು. ಸಾಕೆಟ್ ತೆಗೆದು ನೋಡಿದರೆ ಪುಲ್ಲಿಯೂ ಬೋಲ್ಟಿನ ಜೊತೆಗೇ ಒಂದಿಷ್ಟು ಸರಿದಿತ್ತು! ಎರಡೂ ಕೂಡಿ ತಿರುಗಿದ್ದು ಬಿಗಿತಕ್ಕೆ ಸೇರುವುದೇ ಇಲ್ಲ. ಅಳೆಯಬೇಕಾದ್ದು ಬೋಲ್ಟ್ ಮತ್ತು ಪುಲ್ಲಿಯ ನಡುವಿನ ಕೋನ. ಆದ್ದರಿಂದ ಎರಡನೇ ಗೆರೆ ಪುಲ್ಲಿಯ ಮೇಲೇ ಇರಬೇಕು.

ಈಗ ನನ್ನ ನೆಚ್ಚಿನ ದಾರಿ. ಆರು ಮೂಲೆಯ ತಲೆಯಲ್ಲಿ ಒಂದು ಮುಖಕ್ಕೆ 60 ಡಿಗ್ರಿ. 90 ಎಂದರೆ ಒಂದೂವರೆ ಮುಖ. ಸಣ್ಣ ಟಾರ್ಕ್ ಮುಗಿದ ಮೇಲೆ ಯಾವುದಾದರೂ ಮೂಲೆಯ ನೇರಕ್ಕೆ ಪುಲ್ಲಿಯ ಮೇಲೆ ಗೆರೆ ಎಳೆಯಿರಿ. ಆ ಮೂಲೆಯಿಂದ ಎಡಸುತ್ತಾಗಿ ಒಂದು ಮುಖ ಬಿಟ್ಟು, ಮುಂದಿನ ಮುಖದ ನಟ್ಟನಡುವೆ ಬಣ್ಣದ ಚುಕ್ಕೆ ಇಡಿ. ಚುಕ್ಕೆ ಗೆರೆಗೆ ಬಂದು ನಿಂತರೆ 90 ಆಯಿತು. ಕ್ರ್ಯಾಂಕ್ ಎಷ್ಟೇ ಸರಿದಿರಲಿ, ಈ ಲೆಕ್ಕ ಕೆಡುವುದಿಲ್ಲ.

ಬಿಗಿದಾಗ ಹಿಗ್ಗಿ, ಮತ್ತೆ ಬಳಸಲಾಗದ ಬಗೆಯ ಬೋಲ್ಟಾದ್ದರಿಂದ ಹಳೆಯದನ್ನು ತೆಗೆದಿಟ್ಟು, ಹೊಸದನ್ನು ಹಾಕಿ ಮೊದಲಿನಿಂದ ಬಿಗಿದೆ. ಈ ಸಲ ಪುಲ್ಲಿ ಒಂದು ಬೆರಳಗಲ ಸರಿಯಿತು; ಚುಕ್ಕೆ ಮಾತ್ರ ಗೆರೆಯ ಮೇಲೇ ಕುಳಿತಿತ್ತು.