ಉಸಿರಿನಿಂದ ಅಂಗೈ ಬುಡಕ್ಕೆ: ಸಿಪಿಆರ್ ನಡೆದು ಬಂದ ದಾರಿ

ಹುಬ್ಬಳ್ಳಿಯ ಹಳೇ ಬಸ್ ನಿಲ್ದಾಣದಲ್ಲಿ ಯಾರಾದರೂ ದಿಢೀರನೆ ಕುಸಿದರೆ ಮೊದಲು ನೀರಿನ ಬಾಟಲಿ ಬರುತ್ತದೆ, ಆಮೇಲೆ ಆಟೊ. ಹೃದಯ ನಿಂತವರಿಗೆ ಎರಡೂ ಕೇಡು. ಎಚ್ಚರವಿಲ್ಲದವರ ಬಾಯಿಗೆ ಹಾಕಿದ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ; ಆಟೊದ ಸೀಟಿನಲ್ಲಿ ಮುದುಡಿಸಿ ಕೂರಿಸಿದವರ ಎದೆ ಒತ್ತಲಾಗದು. ರಕ್ತ ಸಿಗದ ಮಿದುಳು ನಾಲ್ಕೈದು ನಿಮಿಷಕ್ಕೇ ಹಾಳಾಗತೊಡಗುತ್ತದೆ. ಶಾಕ್ ಕೊಟ್ಟು ಹೃದಯದ ಬಡಿತ ಸರಿಪಡಿಸುವ ಯಂತ್ರ, ಅಂದರೆ ಡಿಫಿಬ್ರಿಲೇಟರ್, ಬರುವ ತನಕ ಆ ರಕ್ತವನ್ನು ಕೈಯಿಂದ ತಳ್ಳುವುದೇ ಸಿಪಿಆರ್.

ಈ ವಿದ್ಯೆ ಶುರುವಾದದ್ದು ಉಸಿರಿನಿಂದ. ಮುಳುಗಿದವರಿಗೆ ಬಾಯಿಗೆ ಬಾಯಿಟ್ಟು ಊದಿರೆಂದು ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿ 1740ರಲ್ಲೇ ಹೇಳಿತ್ತು. ಎದೆ ಒತ್ತುವುದನ್ನು 1891ರಲ್ಲಿ ಜರ್ಮನಿಯ ಫ್ರೆಡ್ರಿಕ್ ಮಾಸ್ ಮಾಡಿದರೂ ಅದು ಬಹುಕಾಲ ಮೂಲೆಗುಂಪಾಯಿತು. ಆಸ್ಪತ್ರೆಗಳಲ್ಲಿ ಎದೆ ಕೊಯ್ದು ಹೃದಯವನ್ನೇ ಹಿಸುಕುತ್ತಿದ್ದರು. 1958ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಗೈ ನಿಕರ್‌ಬಾಕರ್ ಒಂದು ಸಂಗತಿ ಗಮನಿಸಿದರು: ಶಾಕ್ ಕೊಡುವ ಭಾರದ ಫಲಕಗಳನ್ನು ನಾಯಿಯ ಎದೆಗೆ ಅದುಮಿದೊಡನೆ, ಕರೆಂಟ್ ಹರಿಯುವ ಮೊದಲೇ, ರಕ್ತದೊತ್ತಡ ಏರುತ್ತಿತ್ತು. ಸಹೋದ್ಯೋಗಿಗಳಾದ ಕೌವೆನ್‌ಹೋವನ್, ಜೂಡ್ ಜೊತೆ ಅವರು 1960ರಲ್ಲಿ ಪ್ರಕಟಿಸಿದ ಪ್ರಬಂಧ, ಎರಡು ಕೈ ಇದ್ದರೆ ಸಾಕು ಎಂದಿತು. ಕಣ್ಣೆದುರೇ ಕುಸಿದ ದೊಡ್ಡವರಿಗೆ ಊದದಿದ್ದರೂ ನಡೆದೀತು ಎಂದು ಅಮೆರಿಕದ ಹೃದಯ ಸಂಘ ಹೇಳಲು 2008 ಬರಬೇಕಾಯಿತು. ಆಗಷ್ಟೇ ಬಿದ್ದವರ ರಕ್ತದಲ್ಲಿ ಕೆಲ ನಿಮಿಷಕ್ಕಾಗುವಷ್ಟು ಆಮ್ಲಜನಕ ಉಳಿದಿರುತ್ತದೆ.

ಭುಜ ತಟ್ಟಿ ಕೂಗಿದರೂ ಓಗೊಡದೆ, ಉಸಿರಾಡದೆ ಬಿದ್ದಿದ್ದರೆ 108ಕ್ಕೆ ಫೋನ್ ಮಾಡಿಸಿ. ನಡುನಡುವೆ ಗೊರಕೆಯಂತೆ ತೇಕುವುದು ಉಸಿರಾಟವಲ್ಲ. ಜನ ಮೋಸಹೋಗುವುದು ಇಲ್ಲೇ. ಹಾಸಿಗೆಯಿಂದ ನೆಲಕ್ಕಿಳಿಸಿ, ಇಲ್ಲವಾದರೆ ನಿಮ್ಮ ಬಲವನ್ನೆಲ್ಲ ಗಾದಿಯೇ ನುಂಗುತ್ತದೆ. ಎದೆಮೂಳೆಯ ಕೆಳ ಅರ್ಧದ ಮೇಲೆ ಅಂಗೈ ಬುಡವಿಟ್ಟು, ಅದರ ಮೇಲೆ ಇನ್ನೊಂದು ಕೈ ಇಡಿ. ಮೊಣಕೈ ಮಡಚದೆ, ದೊಡ್ಡವರಿಗಾದರೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲಿ. ಅದರ ಮೇಲೇ ವಾಲಿಕೊಂಡಿದ್ದರೆ ಹೃದಯಕ್ಕೆ ರಕ್ತ ತುಂಬದು. ಪಕ್ಕೆಲುಬು ಲಟಕ್ಕೆಂದರೂ ನಿಲ್ಲಿಸಬೇಡಿ. ಎಷ್ಟೇ ಗಟ್ಟಿಮುಟ್ಟಾದವರಿಗೂ ಎರಡು ನಿಮಿಷಕ್ಕೆ ತೋಳು ಸೋಲುತ್ತದೆ, ಒತ್ತುವುದನ್ನು ಇನ್ನೊಬ್ಬರಿಗೆ ಬಿಡಿ.

ನವಲಗುಂದ, ರೋಣದ ಕಡೆ ಕೃಷಿ ಹೊಂಡದಿಂದ ಮಗುವನ್ನು ಎತ್ತಿದಾಗ ಮಾತ್ರ ಹಳೆಯ ಉಸಿರೇ ಮೊದಲು ಬೇಕು, ಏಕೆಂದರೆ ಅಲ್ಲಿ ಆಮ್ಲಜನಕ ತೀರಿಯೇ ಹೃದಯ ನಿಂತಿರುತ್ತದೆ. ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಎದೆ ಏಳುವಷ್ಟು ಎರಡು ಸಲ ಊದಿ. ಬಳಿಕ 30 ಒತ್ತು, 2 ಉಸಿರು. ಹೊಟ್ಟೆ ಅಮುಕಿ ನೀರು ತೆಗೆಯಲು ಹೋಗಬೇಡಿ. ಮೇಲೆ ಬರುವ ವಾಂತಿ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ.