ಬಿಸಿಗೆ ಬೀಳುವ ನೊಣ ಮತ್ತು ಒಬೈದ್ ಸಿದ್ದೀಕಿ

ಕಳಿತ ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣ ಡ್ರಾಸೊಫಿಲಾ. ಅದರಲ್ಲಿ ‘ಕೊಮಾಟೋಸ್’ ಎಂಬ ತಳಿಯೊಂದಿದೆ. ತಂಪಿನಲ್ಲಿ ಎಲ್ಲ ನೊಣಗಳ ಹಾಗೇ ಓಡಾಡಿಕೊಂಡಿರುತ್ತದೆ. 38 ಡಿಗ್ರಿಯ ಕೊಳವೆಗೆ ಹಾಕಿದರೆ ಬೀಳುತ್ತದೆ. ಮತ್ತೆ ತಂಪಿಗೆ ತಂದರೂ ಬೇಗ ಏಳುವುದಿಲ್ಲ. ಬಿಸಿಯಲ್ಲಿ ಎಷ್ಟು ಹೊತ್ತು ಇತ್ತೋ ಅದಕ್ಕೆ ತಕ್ಕಂತೆ ಏಳುವುದೂ ತಡ. ಭಾರತದ ವಿಜ್ಞಾನಿ ಒಬೈದ್ ಸಿದ್ದೀಕಿ ಮತ್ತು ಅಮೆರಿಕದ ಸೀಮೋರ್ ಬೆಂಜರ್ ಈ ತಳಿಯ ವಿವರ ಪ್ರಕಟಿಸಿದ್ದು 1976ರಲ್ಲಿ.

ಉತ್ತರ ಪ್ರದೇಶದ ಬಸ್ತಿಯಲ್ಲಿ 1932ರಲ್ಲಿ ಹುಟ್ಟಿದ ಸಿದ್ದೀಕಿ ಮೊದಲು ನರವಿಜ್ಞಾನಿಯಾಗಿರಲಿಲ್ಲ. ಗ್ಲಾಸ್ಗೋದಲ್ಲಿ ಬೂಷ್ಟಿನ ತಳಿಶಾಸ್ತ್ರ, ಅಮೆರಿಕದಲ್ಲಿ ಬ್ಯಾಕ್ಟೀರಿಯಾ, 1962ರಲ್ಲಿ ಹೋಮಿ ಭಾಭಾ ಅವರ ಕರೆಯ ಮೇಲೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. ನೊಣ ಕೈಗೆ ಬಂದದ್ದು ಆಮೇಲೆ.

ಇಂಥ ತಳಿ ಹುಡುಕುವ ಕೆಲಸ ಹೇಳಲು ಸುಲಭ. ಗಂಡು ನೊಣಗಳನ್ನು ಕೆಲವು ಗಂಟೆ ಉಪವಾಸ ಕೆಡವಿ, ಶೇ. 1ರ ಸಕ್ಕರೆ ನೀರಿಗೆ 25 ಮಿಲಿಮೋಲಾರ್ ಸಾಂದ್ರತೆಯಲ್ಲಿ ಇಎಂಎಸ್ ಎಂಬ ರಾಸಾಯನಿಕ ಬೆರೆಸಿ ರಾತ್ರಿಯಿಡೀ ಕುಡಿಸಬೇಕು. ಇದು ವೀರ್ಯಾಣುಗಳ ಡಿಎನ್‌ಎಯನ್ನು ಅಲ್ಲಲ್ಲಿ ಕೆಡಿಸುತ್ತದೆ. (ಮನುಷ್ಯರದ್ದನ್ನೂ ಕೆಡಿಸುತ್ತದೆ. ಗ್ಲೌಸ್ ಇಲ್ಲದೆ ಮುಟ್ಟಬೇಡಿ.) ಆಮೇಲೆ ಎರಡು ಎಕ್ಸ್ ಕ್ರೋಮೋಸೋಮುಗಳು ಒಂದಕ್ಕೊಂದು ಅಂಟಿಕೊಂಡಿರುವ ಹೆಣ್ಣುಗಳ ಜೊತೆ ಕೂಡಿಸಬೇಕು. ಆಗ ಗಂಡು ಮರಿಗಳಿಗೆ ಎಕ್ಸ್ ಬರುವುದು ಅಪ್ಪನಿಂದ. ಅದರಲ್ಲಿನ ದೋಷ ಮೊದಲ ಪೀಳಿಗೆಯಲ್ಲೇ ಬಯಲಾಗುತ್ತದೆ. ಮರಿಗಳನ್ನು ಬಿಸಿ ಕೊಳವೆಗೆ ಹಾಕಿ, ಬಿದ್ದವನ್ನು ಆರಿಸಿ, ಮತ್ತೆ ಅದೇ ಬಗೆಯ ಹೆಣ್ಣಿನೊಂದಿಗೆ ಕೂಡಿಸಿದರೆ ತಳಿ ಉಳಿಯುತ್ತದೆ.

ಕೈಕೊಡುವುದು ಸಣ್ಣ ವಿಷಯಗಳಲ್ಲಿ. ಕೊಳವೆಯನ್ನು ಮೊದಲೇ ಕಾಯಿಸಿರದಿದ್ದರೆ ಒಂದೊಂದು ನೊಣಕ್ಕೆ ಒಂದೊಂದು ಬಿಸಿ ತಾಗುತ್ತದೆ. ಗಾಜಿನ ಮೇಲೆ ತೇವ ಕಟ್ಟಿದರೆ ರೆಕ್ಕೆ ಅಂಟಿದ ನೊಣವೂ ಬಿದ್ದಂತೆಯೇ ಕಾಣುತ್ತದೆ. ಕಾರ್ಬನ್ ಡೈಆಕ್ಸೈಡ್ ಕೊಟ್ಟು ಮಲಗಿಸಿದ ದಿನವೇ ಪರೀಕ್ಷಿಸಿದರೆ ಲೆಕ್ಕ ತಪ್ಪುತ್ತದೆ. ಬಿಸಿ ತೀರಾ ಹೆಚ್ಚಾದರೆ ಆರೋಗ್ಯವಂತ ನೊಣವೂ ಬೀಳುತ್ತದೆ; ಹಾಗಾಗಿ ಪಕ್ಕದಲ್ಲಿ ಸಾಮಾನ್ಯ ನೊಣದ ಕೊಳವೆ ಇರಲೇಬೇಕು. ಇಎಂಎಸ್ ಕುಡಿದ ಗಂಡುಗಳನ್ನು ನಾಲ್ಕೈದು ದಿನದ ಮೇಲೆ ಬಳಸಬಾರದು. ಆಮೇಲಿನ ವೀರ್ಯಾಣುಗಳಲ್ಲಿ ಒಂದೇ ದೋಷ ಹಲವು ಮರಿಗಳಿಗೆ ಹೋಗಿ, ಹತ್ತು ತಳಿ ಸಿಕ್ಕವೆಂದು ಹಿಗ್ಗಿದರೆ ಒಂದೇ ಆಗಿರುತ್ತದೆ.

ಕೊಮಾಟೋಸ್ ಯಾಕೆ ತಡವಾಗಿ ಏಳುತ್ತದೆ? ಉತ್ತರ ಸಿಗಲು ಹತ್ತೊಂಬತ್ತು ವರ್ಷ ಬೇಕಾಯಿತು. ಅದರಲ್ಲಿ ಕೆಟ್ಟಿರುವುದು ಎನ್‌ಎಸ್‌ಎಫ್ ಎಂಬ ಪ್ರೋಟೀನಿನ ಜೀನ್ ಎಂದು 1995ರಲ್ಲಿ ತಿಳಿಯಿತು. ನರದ ತುದಿಯಲ್ಲಿ ರಾಸಾಯನಿಕ ತುಂಬಿದ ಚೀಲಗಳು ಪೊರೆಗೆ ಬೆಸೆದುಕೊಳ್ಳುವಾಗ ಕೆಲವು ಪ್ರೋಟೀನುಗಳು ಹಗ್ಗದಂತೆ ಹೊಸೆದುಕೊಳ್ಳುತ್ತವೆ. ಆ ಹೊಸೆತ ಬಿಚ್ಚಿ ಮರುಬಳಕೆಗೆ ಕೊಡುವುದು ಎನ್‌ಎಸ್‌ಎಫ್ ಕೆಲಸ. ಬಿಸಿಗೆ ಅದು ಕೆಟ್ಟರೆ ಬಿಚ್ಚದ ಗಂಟುಗಳು ರಾಶಿ ಬೀಳುತ್ತವೆ. ರಾಶಿ ದೊಡ್ಡದಾದಷ್ಟೂ ಬಿಚ್ಚಲು ಹೊತ್ತು ಹಿಡಿಯುತ್ತದೆ. ಇದೇ ಪ್ರೋಟೀನನ್ನು ಬೇರೆ ದಾರಿಯಲ್ಲಿ, ಪ್ರಾಣಿಕೋಶಗಳಲ್ಲಿ ಹಿಡಿದಿದ್ದ ಜೇಮ್ಸ್ ರಾತ್‌ಮನ್‌ಗೆ ಜೀವಕೋಶದೊಳಗಿನ ಸಾಗಣೆಯ ಕೆಲಸಕ್ಕಾಗಿ 2013ರ ಅಕ್ಟೋಬರಿನಲ್ಲಿ ನೊಬೆಲ್ ಬಂತು. ಸಿದ್ದೀಕಿ ಅದೇ ವರ್ಷದ ಜುಲೈ 26ರಂದು ಬೆಂಗಳೂರಿನಲ್ಲಿ ತೀರಿಕೊಂಡಿದ್ದರು.

ಇಂಥ ಕೆಲಸವನ್ನು ಸೈಟೇಷನ್, ಅಂದರೆ ಬೇರೆ ಲೇಖನಗಳಲ್ಲಿ ಎಷ್ಟು ಸಲ ಉಲ್ಲೇಖವಾಗಿದೆ ಎಂದು ಎಣಿಸಿ ಅಳೆಯುವುದು ನನ್ನ ಮಟ್ಟಿಗೆ ದಡ್ಡತನ. 1995ರ ಬಳಿಕ ಎನ್‌ಎಸ್‌ಎಫ್ ಬಗ್ಗೆ ಬರೆಯುವವರು 1995ರ ಲೇಖನವನ್ನು ಉಲ್ಲೇಖಿಸಿದರೆ ಸಾಕು. 1976ರದ್ದು ಮರೆಗೆ ಸರಿಯುತ್ತದೆ, ತಳಿ ಮಾತ್ರ ಲ್ಯಾಬಿನಿಂದ ಲ್ಯಾಬಿಗೆ ಹೋಗುತ್ತಿರುತ್ತದೆ. ಇನ್ನೊಂದು ತೊಡಕು: ಸಿದ್ದೀಕಿ ತಮ್ಮ ಶಿಷ್ಯೆ ವೆರೋನಿಕಾ ರೊಡ್ರಿಗ್ಸ್ ಜೊತೆ ವಾಸನೆ ಹಿಡಿಯಲಾಗದ ನೊಣಗಳನ್ನು ಹುಡುಕಿ ಬರೆದ 1978ರ ಲೇಖನ ಅಚ್ಚಾದದ್ದು ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪ್ರೊಸೀಡಿಂಗ್ಸ್‌ನಲ್ಲಿ, ಅಂದರೆ ಬೆಂಗಳೂರಿನಿಂದ. ಜರ್ನಲಿನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಲೇಖನಗಳಿಗೆ ಸಿಗುವ ಸರಾಸರಿ ಉಲ್ಲೇಖ) ನೋಡಿ ಬಯೋಡೇಟಾ ಜಾಲಾಡುವವರು ಅದನ್ನು ಮೊದಲ ಸುತ್ತಿನಲ್ಲೇ ಬದಿಗಿಡುತ್ತಾರೆ. ನೊಣದ ವಾಸನೆ ಗ್ರಾಹಕಗಳ ಜೀನ್‌ಗಳು ಸಿಕ್ಕಿದ್ದು 1999ರಲ್ಲಿ, ಅದಾದ ಇಪ್ಪತ್ತೊಂದು ವರ್ಷಕ್ಕೆ.

ಹಾಗಾಗಿ ಬಯೋಡೇಟಾದ ಅಂಕಿ ಬಿಟ್ಟು ತಳಿಯ ಹೆಸರು ಹಿಡಿದು ಹುಡುಕಿ, ಅದನ್ನು ಯಾರು ಯಾರು ಯಾವ ಪ್ರಶ್ನೆಗೆ ಬಳಸಿದ್ದಾರೆ ನೋಡಿ. ಬಳಿಕ ಶಿಷ್ಯರ, ಸಹೋದ್ಯೋಗಿಗಳ ಪಟ್ಟಿ. ಸಿದ್ದೀಕಿಯವರದ್ದರಲ್ಲಿ ರೊಡ್ರಿಗ್ಸ್ ಇದ್ದಾರೆ, ಕೆ. ವಿಜಯರಾಘವನ್ ಇದ್ದಾರೆ, ಜೊತೆಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಸಿದ್ದೀಕಿ ಕಟ್ಟಿದ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಇದೆ. ಅಲ್ಲಿ ಇವತ್ತಿಗೂ ನೊಣ ಸಾಕುತ್ತಾರೆ.