ಬುದ್ಧಿ ಎಂಟರದ್ದು, ಬೆರಳು ನಾಲ್ಕರದ್ದು

ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 1975ರಲ್ಲಿ ಹುಟ್ಟಿದ ಗಣಿತಜ್ಞ ಟೆರೆನ್ಸ್ ಟಾವೊ ಎರಡು ವರ್ಷದವನಿದ್ದಾಗಲೇ ಅಂಕಿಯ ಬ್ಲಾಕುಗಳನ್ನು ಹರಡಿಕೊಂಡು ತನಗಿಂತ ದೊಡ್ಡ ಮಕ್ಕಳಿಗೆ ಎಣಿಕೆ ಹೇಳಿಕೊಡುತ್ತಿದ್ದ. ನಿನಗ್ಯಾರು ಕಲಿಸಿದರು ಎಂದರೆ, ಟಿವಿ ನೋಡಿ ಕಲಿತೆ ಎಂದನಂತೆ.

ಇಂಥ ಮಗುವನ್ನು ಯಾವಾಗ ಶಾಲೆಗೆ ಹಾಕೋದು? ಅಪ್ಪ ಮಕ್ಕಳ ಡಾಕ್ಟರು, ಅಮ್ಮ ಗಣಿತ ಪಾಠ ಮಾಡಿದವರು. ಮೂರೂವರೆಗೇ ಸೇರಿಸಿದರು. ಕೆಲವೇ ವಾರಗಳಲ್ಲಿ ಬಿಡಿಸಿದರು. ಪಾಠ ಕಷ್ಟವಾಗಿ ಅಲ್ಲ. ಅಷ್ಟು ಹೊತ್ತು ಕ್ಲಾಸಿನಲ್ಲಿ ಇರಲು ಹುಡುಗ ಇನ್ನೂ ತಯಾರಿರಲಿಲ್ಲ. ಮತ್ತೆ ಶಾಲೆಗೆ ಹೋಗಿದ್ದು ಐದಕ್ಕೆ. ಆಗಲೂ ಹೆಚ್ಚು ಹೊತ್ತು ಚಿಕ್ಕ ಮಕ್ಕಳ ಜೊತೆಗೇ ಇದ್ದ, ಲೆಕ್ಕಕ್ಕೆ ಮಾತ್ರ ಮೇಲಿನ ಕ್ಲಾಸಿಗೆ ಹೋಗುತ್ತಿದ್ದ. 2006ರಲ್ಲಿ ಟಾವೊ ಅವರಿಗೆ ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕ ಬಂತು. ನನಗೆ ಆ ಪದಕಕ್ಕಿಂತ ದೊಡ್ಡದಾಗಿ ಕಾಣೋದು, ಮಗುವನ್ನು ವಾಪಸ್ ಕರೆತಂದ ಅಪ್ಪ ಅಮ್ಮನ ಧೈರ್ಯ.

ಚುರುಕು ಮಗುವಿಗೆ ಒಂದೇ ವಯಸ್ಸು ಇರೋದಿಲ್ಲ. ಓದುವ ಬುದ್ಧಿಗೆ ಎಂಟಾಗಿದ್ದರೂ ಪೆನ್ಸಿಲ್ ಹಿಡಿಯುವ ಬೆರಳಿಗೆ ನಾಲ್ಕೇ ಆಗಿರಬಹುದು. ಅಳು ತಡೆಯುವ, ತನ್ನ ಸರದಿಗೆ ಕಾಯುವ ಶಕ್ತಿ ಮೆದುಳಿನ ಮುಂಭಾಗ ಬಲಿತ ಹಾಗೆ ನಿಧಾನಕ್ಕೆ ಬರುತ್ತದೆ. ಅದಕ್ಕೆ ಅವಸರ ಗೊತ್ತಿಲ್ಲ.

ನನ್ನ ಅಕ್ಕನ ಮಗಳು ನಾಲ್ಕಕ್ಕೇ ಬಸ್ಸಿನ ಬೋರ್ಡು ಸರಸರ ಓದುತ್ತಿದ್ದಳು. ಒಂದು ವರ್ಷ ಮೊದಲೇ ಯುಕೆಜಿಗೆ ಸೇರಿಸಿದೆವು. ಡಬ್ಬಿಯ ಮುಚ್ಚಳ ಬಿಗಿಯಾಗಿದ್ದರೆ ಮಿಸ್ಸನ್ನು ಕೇಳೋಕೆ ಭಯ. ಸುಮ್ನೆ ಕೂತು, ಚಿತ್ರಾನ್ನ ಹಾಗೇ ವಾಪಸ್ ತರುತ್ತಿದ್ದಳು.

ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದೆ. ಶಾಲೆ ಸೇರಲು ಸೆಪ್ಟೆಂಬರ್ 1 ಗಡಿಯಾಗಿರುವ ರಾಜ್ಯಗಳಲ್ಲಿ ಆಗಸ್ಟ್‌ನಲ್ಲಿ ಹುಟ್ಟಿದವರೇ ಕ್ಲಾಸಿನ ಅತಿ ಚಿಕ್ಕವರು. ಅಂಥ 10 ಸಾವಿರ ಮಕ್ಕಳಲ್ಲಿ ಸುಮಾರು 85 ಮಂದಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ತೊಂದರೆ ಇದೆ ಎಂದು ಡಾಕ್ಟರು ಹೇಳಿದ್ದರು. ಕ್ಲಾಸಿನ ಅತಿ ದೊಡ್ಡವರಾದ, ಸೆಪ್ಟೆಂಬರ್‌ನಲ್ಲಿ ಹುಟ್ಟಿದವರಲ್ಲಿ ಆ ಸಂಖ್ಯೆ ಸುಮಾರು 64. ಒಂದು ತಿಂಗಳಿಗೆ ರೋಗ ಹೇಗೆ ಹೆಚ್ಚುತ್ತದೆ? ಎಷ್ಟೋ ಮಕ್ಕಳ ಎಳೆತನವನ್ನೇ ಕಾಯಿಲೆ ಅಂದುಕೊಂಡರು, ಅಲ್ವಾ?

ಹಾಗಂತ ತಡೆದು ಕೂರಿಸುವುದೂ ಸರಿಯಲ್ಲ. ಮನಶ್ಶಾಸ್ತ್ರಜ್ಞ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಅಧ್ಯಯನ, ಗಣಿತದಲ್ಲಿ ಅಸಾಧಾರಣ ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿತು. ಅಷ್ಟೇ ಬುದ್ಧಿಯಿದ್ದೂ ತರಗತಿ ಹಾರದವರಿಗಿಂತ, ಹಾರಿದವರೇ ಮುಂದೆ ವಿಜ್ಞಾನ, ಗಣಿತದಲ್ಲಿ ಡಾಕ್ಟರೇಟ್ ಪಡೆದದ್ದು ಜಾಸ್ತಿ. ಗೊತ್ತಿರುವುದನ್ನೇ ವರ್ಷಗಟ್ಟಲೆ ಕೇಳುತ್ತಾ ಕೂರೋದು ಮಗುವಿಗೆ ನಿಜವಾದ ಶಿಕ್ಷೆ.

ನಮ್ಮಲ್ಲಿ ಚರ್ಚೆಯೆಲ್ಲ ತಾರೀಖಿನ ಸುತ್ತಲೇ. ಒಂದನೇ ಕ್ಲಾಸಿಗೆ ಸೇರಲು ಜೂನ್ 1ಕ್ಕೆ ಆರು ತುಂಬಿರಬೇಕು ಎಂಬ ನಿಯಮವನ್ನು ಕರ್ನಾಟಕ ಸರ್ಕಾರ 2025-26ರ ಸಾಲಿಗೆ, ಯುಕೆಜಿ ಮುಗಿಸಿದವರಿಗೆ, ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಎಷ್ಟೋ ಮನೆಗಳಿಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಅಡ್ಮಿಷನ್ ದಿನ ಇನ್ನೊಂದು ಮಾತನ್ನೂ ಕೇಳಬೇಕು: 'ಓದುವ ಪೀರಿಯಡ್‌ಗೆ ಮಾತ್ರ ಮೇಲಿನ ಕ್ಲಾಸಿಗೆ ಕಳಿಸ್ತೀರಾ?'

ಅಕ್ಕ ಕೇಳಿದಳು. ಮಿಸ್ ಒಪ್ಪಿದರು. ಮಗು ಎಲ್‌ಕೆಜಿಗೆ ವಾಪಸಾಯಿತು. ದಿನಾ ಅರ್ಧ ಗಂಟೆ ಒಂದನೇ ಕ್ಲಾಸಿನಲ್ಲಿ ಕೂತು ಕತೆ ಪುಸ್ತಕ ಓದುತ್ತಿತ್ತು. ದಸರಾ ರಜೆ ಕಳೆದ ಮೇಲೆ ಡಬ್ಬಿ ಖಾಲಿಯಾಗಿ ಬರತೊಡಗಿತು.